ಚಳಿಗಾಲದ ಹಕ್ಕಿಗಳು: ನೋಡಿ, ಎಣಿಸಿ, ದನಿ ಹಿಡಿದು ದಾಖಲಿಸುವ ಬಗೆ

ಗಣೇಶನ ಹಬ್ಬದ ಆಸುಪಾಸಿಗೆ ಬೂದು ಕುಂಡೆಕುಸ್ಕ ಬಂದಿಳಿಯುತ್ತದೆ. ಹಿಮಾಲಯದ ತೊರೆಗಳ ಬಂಡೆ ಬಿಟ್ಟು ಬಂದ ಹಕ್ಕಿ ನಮ್ಮ ಬೀದಿಯ ಮೋರಿ ಪಕ್ಕದಲ್ಲೂ ಬಾಲ ಕುಣಿಸಿಕೊಂಡು ಓಡಾಡುತ್ತದೆ. ದೀಪಾವಳಿ ಕಳೆಯುವಷ್ಟರಲ್ಲಿ ಕೆರೆಗಳಿಗೆ ಬಾತುಗಳು ಬರುತ್ತವೆ, ವಾಟ್ಸಾಪ್ ಗುಂಪುಗಳಲ್ಲಿ ಚಿತ್ರಗಳು ಸುರಿಯತೊಡಗುತ್ತವೆ. ‘ಸೂಪರ್ ಸರ್’, ಎರಡು ಕೈ ಮುಗಿದ ಚಿಹ್ನೆ, ಒಂದು ಹೂವು. ವಾರ ಕಳೆದ ಮೇಲೆ ಅದು ಯಾವ ಕೆರೆ, ಯಾವ ದಿನ, ಎಷ್ಟು ಹಕ್ಕಿ ಇದ್ದವು ಎಂದು ಕೇಳಿದರೆ ಹಾಕಿದವರಿಗೇ ನೆನಪಿರುವುದಿಲ್ಲ.

ನೋಡಿದ್ದು ದಾಖಲೆಯಾಗಿ ಉಳಿಯಬೇಕೆಂದರೆ ಏನೇನು ಮಾಡಬೇಕು ಎನ್ನುವುದೇ ಈ ಬರಹ. ನನ್ನದೊಂದು ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಅಪರೂಪದ ಹಕ್ಕಿಯ ಒಂದು ಚೆಂದದ ಫೋಟೋಗಿಂತ, ನಿಮ್ಮೂರ ಕೆರೆಯಲ್ಲಿ ಅರ್ಧ ಗಂಟೆ ನಿಂತು ಕಂಡ ಮಾಮೂಲಿ ಹಕ್ಕಿಗಳನ್ನೆಲ್ಲ ಎಣಿಸಿ ಬರೆದ ಪಟ್ಟಿಗೇ ನನ್ನ ಓಟು.

ಕಾರಣವಿದೆ. 2023ರಲ್ಲಿ ಹೊರಬಂದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು 30,000ಕ್ಕೂ ಹೆಚ್ಚು ಹವ್ಯಾಸಿಗಳು ಕೊಟ್ಟ 3 ಕೋಟಿಯಷ್ಟು ದಾಖಲೆ. ಕುಸಿಯುತ್ತಿರುವ ಹಕ್ಕಿಗಳೆಂದು ಅದು ಬೊಟ್ಟು ಮಾಡಿದವುಗಳಲ್ಲಿ ನೀಲಕಂಠವೂ ಇದೆ. ನಮ್ಮ ರಾಜ್ಯಪಕ್ಷಿ, ಚಳಿಗಾಲದಲ್ಲಿ ಹೊಲದ ಬದಿಯ ತಂತಿಯ ಮೇಲೆ ಕೂತಿರುವ ಅದೇ ಹಕ್ಕಿ. ‘ಎಲ್ಲಾ ಕಡೆ ಇದೆಯಲ್ಲ’ ಎಂದು ಅದನ್ನು ಬರೆಯದೇ ಬಿಟ್ಟಿದ್ದರೆ ಅದು ಕಡಿಮೆಯಾಗುತ್ತಿರುವುದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅದೇ ಪಟ್ಟಿಯಲ್ಲಿ ಚಲುಕದ ಬಾತು, ಅಂದರೆ ನಾರ್ದರ್ನ್ ಶೊವೆಲರ್ ಕೂಡ ಇದೆ. ನಮ್ಮ ಬಯಲುಸೀಮೆಯ ಕೆರೆಗಳಿಗೆ ಚಳಿಗೆ ಬರುವ ಹಕ್ಕಿ.

1. ಒಂದು ಜಾಗ ಹಿಡಿಯಿರಿ, ಅದನ್ನೇ ಹಿಡಿದಿರಿ

ರಂಗನತಿಟ್ಟಿಗೆ ವರ್ಷಕ್ಕೊಮ್ಮೆ ಹೋಗುವುದು ಪ್ರವಾಸ. ಮನೆಯಿಂದ ನಡೆದು ಅಥವಾ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರದ ಕೆರೆ, ಕಟ್ಟೆ, ಗುಂಡುತೋಪು, ಕಾಲೇಜು ಆವರಣ ಯಾವುದಾದರೂ ಒಂದನ್ನು ನಿಮ್ಮದಾಗಿಸಿಕೊಳ್ಳಿ. ಮೈಸೂರಿನವರಿಗೆ ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳಿವೆ. ಬೆಂಗಳೂರಿನಲ್ಲಿ ಲಾಲ್‌ಬಾಗೇ ಸಾಕು. ಹಳ್ಳಿಯಲ್ಲಿರುವವರು ಇನ್ನೂ ಅದೃಷ್ಟವಂತರು, ಏರಿ ಹತ್ತಿದರೆ ಕೆಲಸ ಶುರು.

ವಾರಕ್ಕೊಮ್ಮೆ, ಸುಮಾರಾಗಿ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಹೋಗಿ. ಜನವರಿಯಲ್ಲಿ ಮೈಸೂರು ಕಡೆ ಸೂರ್ಯ ಹುಟ್ಟುವುದೇ 6:45ರ ಮೇಲೆ. ಕತ್ತಲಲ್ಲಿ ಹೋಗಿ ನಿಂತರೆ ಗೂಬೆಯ ದನಿ ಸಿಗುತ್ತದೆ, ಬಾತು ಸಿಗುವುದಿಲ್ಲ. ಮಂಜು ದಟ್ಟವಾಗಿದ್ದ ದಿನ ಒಂದು ಗಂಟೆ ತಡವಾಗಿ ಹೋದರೂ ನಷ್ಟವಿಲ್ಲ. ಬೆಳಕು ಬೆನ್ನ ಹಿಂದಿರುವ ಜಾಗದಲ್ಲಿ ನಿಲ್ಲಿ, ಅಂದರೆ ಬೆಳಿಗ್ಗೆ ಕೆರೆಯ ಪೂರ್ವದ ದಡ. ಎದುರು ಬೆಳಕಿನಲ್ಲಿ ಎಲ್ಲ ಬಾತುಗಳೂ ಕಪ್ಪು ಬಾತುಗಳೇ.

ಕೊರಳಲ್ಲಿ ಬೈನಾಕ್ಯುಲರ್ ಹಾಕಿಕೊಂಡು ಏರಿಯ ಮೇಲೆ ನಿಂತವರನ್ನು ಕಂಡರೆ ಊರಿನವರಿಗೆ ಅನುಮಾನ ಸಹಜ. ‘ಏನ್ ಸ್ವಾಮಿ, ಕೆರೆ ಅಳ್ಯಕ್ಕೆ ಬಂದ್ರಾ?’ ಎಂದು ಕೇಳುತ್ತಾರೆ. ‘ಇಲ್ಲಣ್ಣ, ಹಕ್ಕಿ ಎಣಿಸೋಕೆ’ ಎಂದರೆ ಮೊದಲು ನಗು, ಆಮೇಲೆ ಮಾಹಿತಿ. ಬಾತು ಯಾವ ಮೂಲೆಗೆ ಇಳಿಯುತ್ತವೆ, ರಾತ್ರಿ ಯಾವ ಹೊಲಕ್ಕೆ ಬೀಳುತ್ತವೆ, ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ, ಇದೆಲ್ಲ ಮೀನು ಹಿಡಿಯುವವರಿಗೆ, ದನ ಮೇಯಿಸುವವರಿಗೆ ಗೊತ್ತಿರುತ್ತದೆ. ಅವರಿಗೂ ಒಂದು ಸಲ ಬೈನಾಕ್ಯುಲರ್ ಕೊಟ್ಟು ನೋಡಲು ಹೇಳಿ. ಹೊಲದೊಳಗೆ ಕಾಲಿಡುವ ಮುನ್ನ ಹೊಲದವರನ್ನು ಕೇಳಿ.

2. ಸಾಮಾನು

8x42 ಬೈನಾಕ್ಯುಲರ್, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವುದು ಸಾಕು. 10x ಹಿಡಿದರೆ ಹಕ್ಕಿ ದೊಡ್ಡದಾಗಿ ಕಾಣುತ್ತದೆ ನಿಜ, ಕೈ ನಡುಗುವುದೂ ಅಷ್ಟೇ ದೊಡ್ಡದಾಗುತ್ತದೆ. ಜೇಬಿಗೆ ಹಿಡಿಸುವ ಪುಸ್ತಕ, ಪೆನ್ನಲ್ಲ ಪೆನ್ಸಿಲ್, ಇಬ್ಬನಿ ಬಿದ್ದರೂ ಅಕ್ಷರ ಹರಡುವುದಿಲ್ಲ. ಫೋನಿನಲ್ಲಿ ಪಟ್ಟಿ ಬರೆಯಲು ಇ-ಬರ್ಡ್, ಹಕ್ಕಿ ಗುರುತಿಸಲು ಮರ್ಲಿನ್ ಆ್ಯಪ್‌ಗಳು, ಎರಡೂ ಪುಕ್ಕಟೆ, ಎರಡೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಸಂಸ್ಥೆಯವು. ಮನೆಯಲ್ಲಿ ವೈಫೈ ಇರುವಾಗಲೇ ನಿಮ್ಮ ಪ್ರದೇಶದ ಹಕ್ಕಿಗಳ ಕಂತೆಯನ್ನು ಇಳಿಸಿಕೊಳ್ಳಿ. ಕೆರೆ ಹತ್ತಿರ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಕ್ಯಾಮೆರಾ ಇದ್ದರೆ ಇರಲಿ, ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಫೋಟೋ ಹಿಂದೆ ಬಿದ್ದವರು ಎಣಿಸುವುದಿಲ್ಲ.

3. ಪೂರ್ಣ ಪಟ್ಟಿ ಎಂದರೆ ಏನು

ಇ-ಬರ್ಡ್‌ನಲ್ಲಿ ಪಟ್ಟಿ ಮುಗಿಸುವಾಗ ಒಂದು ಪ್ರಶ್ನೆ ಬರುತ್ತದೆ: ನಿಮಗೆ ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ? ಇಡೀ ಕೆಲಸದ ಜೀವಾಳ ಇದೇ ಪ್ರಶ್ನೆ. ‘ಹೌದು’ ಎಂದರೆ ಪಟ್ಟಿಯಲ್ಲಿ ಇಲ್ಲದ ಹಕ್ಕಿಗೂ ಅರ್ಥ ಬರುತ್ತದೆ. ನೀವು ಅಲ್ಲಿ ನಲವತ್ತು ನಿಮಿಷ ಕಣ್ಣುಕಿವಿ ತೆರೆದಿದ್ದರೂ ನೀಲಕಂಠ ಕಾಣಲಿಲ್ಲ ಎಂಬುದೇ ಒಂದು ಮಾಹಿತಿ. ಬರಿ ಚೆಂದದ ನಾಲ್ಕು ಹಕ್ಕಿ ಬರೆದು ಕಾಗೆ, ಗೊರವಂಕ, ಪಾರಿವಾಳ ಬಿಟ್ಟಿದ್ದರೆ ಪ್ರಾಮಾಣಿಕವಾಗಿ ‘ಇಲ್ಲ’ ಎನ್ನಿ.

ಕ್ರಮ ಹೀಗಿರಲಿ:

ಜಾಗಕ್ಕೆ ಹೋದ ಮೇಲೆ ಆ್ಯಪ್‌ನಲ್ಲಿ ಪಟ್ಟಿ ಶುರು ಮಾಡಿ. ಸಮಯವನ್ನೂ ನಡೆದ ದಾರಿಯನ್ನೂ ಅದೇ ಹಿಡಿದುಕೊಳ್ಳುತ್ತದೆ.

ಕನಿಷ್ಠ 15 ನಿಮಿಷ ನೋಡಿ. ಒಂದು ಗಂಟೆ ಮೀರಿದರೆ ಆ ಪಟ್ಟಿ ಮುಗಿಸಿ ಇನ್ನೊಂದು ಶುರು ಮಾಡಿ. ಕೆರೆ ಮುಗಿಸಿ ತೋಟಕ್ಕೆ ಹೋದಾಗಲೂ ಅಷ್ಟೇ, ಬೇರೆ ನೆಲೆಗೆ ಬೇರೆ ಪಟ್ಟಿ. ಐದಾರು ಕಿಲೋಮೀಟರ್ ಉದ್ದದ ಒಂದೇ ಪಟ್ಟಿಯಿಂದ ಹಕ್ಕಿ ಎಲ್ಲಿತ್ತೆಂದು ಯಾರಿಗೂ ಹೇಳಲಾಗದು.

ಹೋದ ದಾರಿಯಲ್ಲೇ ವಾಪಸ್ ಬಂದರೆ ಎಣಿಸಿದ ಹಕ್ಕಿಯನ್ನೇ ಮತ್ತೆ ಎಣಿಸಬೇಡಿ, ಹೊಸದಾಗಿ ಕಂಡದ್ದನ್ನು ಮಾತ್ರ ಸೇರಿಸಿ. ದೂರವನ್ನೂ ಒಮ್ಮುಖವಾಗಿ ಮಾತ್ರ ಬರೆಯಿರಿ.

ದನಿಯಿಂದ ಗುರುತಿಸಿದ್ದೂ ಲೆಕ್ಕ. ಕೆಂಬೂತ ಕಾಣದಿದ್ದರೂ ಅದರ ‘ಹೂಪ್ ಹೂಪ್’ ಸಾಕು.

ಗುರುತು ಸಿಗದ ಹಕ್ಕಿಯನ್ನು ಊಹೆಯ ಮೇಲೆ ಒಂದು ಜಾತಿಗೆ ಸೇರಿಸಬೇಡಿ. ‘ಗೊರವದ ಜಾತಿ, ತಿಳಿಯಲಿಲ್ಲ’ ಎಂದು ಬರೆಯಲು ಆ್ಯಪ್‌ನಲ್ಲೇ ಅವಕಾಶವಿದೆ. ಗೊತ್ತಾಗದ ಹಕ್ಕಿ ಇದ್ದರೂ ಪಟ್ಟಿ ಪೂರ್ಣವೇ.

ನಾಲ್ಕು ಜನ ಒಟ್ಟಿಗೆ ಹೋದರೆ ಒಬ್ಬರು ಬರೆಯಿರಿ, ಪಟ್ಟಿಯನ್ನು ಉಳಿದವರ ಜೊತೆ ಹಂಚಿಕೊಳ್ಳಿ. ನಾಲ್ವರೂ ಬೇರೆಬೇರೆ ಹಾಕಿದರೆ 80 ಬಾತು 320 ಆಗಿ ಕೂರುತ್ತವೆ.

ಒಂದು ಮಾದರಿ ಪುಟ:

ಕೆರೆ ಏರಿ, 6:55ರಿಂದ 7:38, 900 ಮೀಟರ್. ತೆಳು ಮಂಜು, ಗಾಳಿ ಇಲ್ಲ. ನಾಮದ ಕೋಳಿ 84. ವರಟೆ 12. ಚಲುಕದ ಬಾತು 31 (ಗಂಡು 14). ಗುಳುಮುಳುಕ 9. ಹೆಜ್ಜಾರ್ಲೆ 3. ಕಂದು ಕಳಿಂಗ 1, ಜಾಲಿ ಮೇಲೆ, ದನಿಯೂ ಕೇಳಿತು. ಬೂದು ಕುಂಡೆಕುಸ್ಕ 2, ತೂಬಿನ ಹತ್ತಿರ. ಅಂಬರಗುಬ್ಬಿ ಸುಮಾರು 60, ತಂತಿ ಮೇಲೆ. ಕಾಗೆ 7. ಬಾತು 5, ದೂರ, ತಿಳಿಯಲಿಲ್ಲ.

ಆ ‘ಕಾಗೆ 7’ ಬರೆಯಲು ಬೇಜಾರಾಗುತ್ತದೆ. ಆದರೂ ಬರೆಯಿರಿ.

4. ಎಣಿಸುವ ಬಗೆ

ಇ-ಬರ್ಡ್‌ನಲ್ಲಿ ಸಂಖ್ಯೆಯ ಬದಲು X ಒತ್ತಲು ಬರುತ್ತದೆ. ಒತ್ತಬೇಡಿ. ‘ಸುಮಾರು 200’ ಎಂಬ ಅಂದಾಜು X ಗಿಂತ ಎಷ್ಟೋ ಮೇಲು. ಮುಂದೊಂದು ದಿನ ಯಾರಾದರೂ ನೋಡಿದಾಗ X ಎಂದರೆ ಎರಡೋ ಎರಡು ಸಾವಿರವೋ ತಿಳಿಯದು.

ನೂರರೊಳಗಿನ ಗುಂಪನ್ನು ಒಂದೊಂದಾಗಿಯೇ ಎಣಿಸಬಹುದು. ಅದಕ್ಕೂ ಹೆಚ್ಚಿದ್ದರೆ ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಲ್ಲಿ ಇಟ್ಟುಕೊಳ್ಳಿ. ಅದೇ ಅಳತೆಯನ್ನು ಗುಂಪಿನ ಈ ತುದಿಯಿಂದ ಆ ತುದಿಗೆ ಸರಿಸುತ್ತ ಹೋಗಿ. ಐನೂರು ದಾಟಿದರೆ ಐವತ್ತರ ಅಳತೆ. ನಡುವೆ ದಟ್ಟವಾಗಿಯೂ ಅಂಚಿನಲ್ಲಿ ವಿರಳವಾಗಿಯೂ ಇರುತ್ತವೆ, ಆದ್ದರಿಂದ ಅಂಚಿನ ಅಳತೆಯನ್ನು ನಡುವಿಗೆ ಹಾಕಿದರೆ ಲೆಕ್ಕ ಕಮ್ಮಿ ಬೀಳುತ್ತದೆ. ಹೊಸಬರು ಸಾಮಾನ್ಯವಾಗಿ ಕಮ್ಮಿಯೇ ಎಣಿಸುತ್ತಾರೆ.

ನಾಲ್ಕೈದು ಬಗೆಯ ಬಾತು ಬೆರೆತ ಗುಂಪಿದ್ದರೆ ಮೊದಲು ಒಟ್ಟು ಎಣಿಸಿ. ಆಮೇಲೆ ಗುಂಪಿನ ಮೂರು ಬೇರೆಬೇರೆ ಜಾಗದಲ್ಲಿ ಐವತ್ತೈವತ್ತು ಹಕ್ಕಿ ನೋಡಿ ಯಾವುದು ಎಷ್ಟು ಎಂದು ಗೆರೆ ಹಾಕಿ. ಆ ಪಾಲನ್ನು ಒಟ್ಟಿಗೆ ಹಚ್ಚಿದರೆ ಆಯಿತು. ಜೊಂಡಿನ ಮರೆಯಲ್ಲಿರುವ ಬಾತುಗಳನ್ನು ಹೊರಗೆ ತರುವ ಕೆಲಸವನ್ನು ಜೌಗು ಸೆಳೆವ ಮಾಡಿಕೊಡುತ್ತದೆ. ಆ ಹಿಂಸ್ರಪಕ್ಷಿ ಕೆರೆಯ ಮೇಲೆ ತಗ್ಗಿನಲ್ಲಿ ಹಾರಿಬಂದರೆ ಎಲ್ಲ ಒಮ್ಮೆಲೇ ಏಳುತ್ತವೆ. ಆಗ ಎಣಿಸಿ. ಎಬ್ಬಿಸಲೆಂದು ನೀವು ಕಲ್ಲೆಸೆಯುವುದು, ಚಪ್ಪಾಳೆ ತಟ್ಟುವುದು ಬೇಡವೇ ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಯ ಮೈಯಲ್ಲಿರುವ ಕೊಬ್ಬು ಅದಕ್ಕೆ ವಾಪಸ್ ಹೋಗುವ ಬುತ್ತಿ.

ತಂತಿಯ ಮೇಲೆ ಕೂತ ಅಂಬರಗುಬ್ಬಿಗಳಿಗೆ ಸುಲಭದ ಉಪಾಯವಿದೆ: ಎರಡು ಕಂಬಗಳ ನಡುವಿನ ಹಕ್ಕಿ ಎಣಿಸಿ, ಅಷ್ಟೇ ತುಂಬಿರುವ ಅಂಕಣ ಎಷ್ಟಿವೆ ನೋಡಿ. ಗುಲಾಬಿ ಕಬ್ಬಕ್ಕಿಗಳು ಸಂಜೆ ತಂಗುವ ಮರಕ್ಕೆ ಸುಳಿಸುಳಿಯಾಗಿ ಬರುವಾಗ ಕಣ್ಣಿಗೆ ಲೆಕ್ಕ ಸಿಗುವುದಿಲ್ಲ. ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಎಣಿಸಿ.

ಪಟ್ಟೆತಲೆ ಹೆಬ್ಬಾತಿನದು ಬೇರೆಯೇ ಕಥೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿಮಾಡಿ, ಹಿಮಾಲಯ ದಾಟಿ ನವೆಂಬರ್–ಡಿಸೆಂಬರ್ ಹೊತ್ತಿಗೆ ನಂಜನಗೂಡು ಕಡೆಯ ಹದಿನಾರು ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತವೆ. (ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ 2024ರಲ್ಲಿ ರಾಮ್ಸರ್ ತಾಣಗಳಾದವು, ಅಂದರೆ ಜಾಗತಿಕ ಮಹತ್ವದ ಜೌಗುನೆಲೆಗಳ ಪಟ್ಟಿಗೆ ಸೇರಿದವು.) ಇವು ಹಗಲಲ್ಲಿ ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಮೇಯಲು ಹೋಗುತ್ತವೆ. ಆದ್ದರಿಂದ ನಸುಕಿನಲ್ಲಿ ಬಂದು ‘ಈ ಸಲ ಕಮ್ಮಿ’ ಎಂದು ಬರೆದು ಹೋಗಬೇಡಿ. ಮೇಯಲು ಹೋದವು ತಂಡತಂಡವಾಗಿ ಮರಳಿ ಕೆರೆಗೆ ಇಳಿಯುವವರೆಗೆ ಕಾಯಿರಿ. ಕೆಲವು ಹೆಬ್ಬಾತುಗಳ ಕತ್ತಿನಲ್ಲಿ ಮಂಗೋಲಿಯಾದಲ್ಲಿ ತೊಡಿಸಿದ ಬಣ್ಣದ ಪಟ್ಟಿ ಇರುತ್ತದೆ. ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ಅಕ್ಷರದ ಬಣ್ಣ, ಕಾಲಲ್ಲಿ ಬಳೆಯಿದ್ದರೆ ಎಡವೋ ಬಲವೋ, ಎಲ್ಲ ಬರೆದುಕೊಂಡು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ದೂರದಿಂದ ತೆಗೆದ ಮಸುಕು ಫೋಟೋ ಆದರೂ ಅಕ್ಷರ ಕಂಡರೆ ಸಾಕು.

5. ತಲೆತಿನ್ನುವ ಕೆಲವು ಹಕ್ಕಿಗಳು

ಚಳಿಗಾಲದ ಗುರುತಿನ ತೊಡಕು ಮುಖ್ಯವಾಗಿ ಮೂರು ಕಡೆ.

ಮೊದಲನೆಯದು ಕುಂಡೆಕುಸ್ಕ. ಕಪ್ಪುಬಿಳುಪಿನ ದೊಡ್ಡ ಕುಂಡೆಕುಸ್ಕ ವರ್ಷವಿಡೀ ಇಲ್ಲೇ ಇರುವ ಹಕ್ಕಿ, ತಲೆಯೂ ಎದೆಯೂ ಕಪ್ಪು, ಹುಬ್ಬು ಅಗಲ ಬಿಳಿ. ವಲಸೆ ಬರುವ ಬಿಳಿ ಕುಂಡೆಕುಸ್ಕದ ಮುಖ ಬಿಳಿ, ಬೆನ್ನು ಬೂದಿ. ಬೆನ್ನು ಬೂದಿ, ಬಾಲದ ಬುಡ ಹಳದಿ, ಬಾಲ ಮೈಗಿಂತ ಉದ್ದವೆನಿಸುವಷ್ಟು ಇದ್ದರೆ ಬೂದು ಕುಂಡೆಕುಸ್ಕ.

ಎರಡನೆಯದು ಕೆಸರಲ್ಲಿ ಓಡಾಡುವ ಗದ್ದೆಗೊರವಗಳು. ಹಾರಿದಾಗ ನೋಡಿ. ಗ್ರೀನ್ ಸ್ಯಾಂಡ್‌ಪೈಪರಿನ ರೆಕ್ಕೆಯಡಿ ಕಪ್ಪಗಿದ್ದು ಬಾಲದ ಬುಡ ಫಕ್ಕನೆ ಬೆಳ್ಳಗೆ ಕಾಣುತ್ತದೆ. ಸಾಮಾನ್ಯವಾಗಿ ಒಂಟಿ, ಕಾಲುವೆಯಂಥ ಸಣ್ಣ ಜಾಗವೂ ಅದಕ್ಕೆ ಸಾಕು. ವುಡ್ ಸ್ಯಾಂಡ್‌ಪೈಪರಿಗೆ ರೆಕ್ಕೆಯಡಿ ಮಾಸಲು, ಬೆನ್ನ ತುಂಬ ಚುಕ್ಕಿ, ಎದ್ದು ಕಾಣುವ ಬಿಳಿ ಹುಬ್ಬು, ಗದ್ದೆಯಲ್ಲಿ ನಾಲ್ಕಾರು ಒಟ್ಟಿಗಿರುತ್ತವೆ. ಕಾಮನ್ ಸ್ಯಾಂಡ್‌ಪೈಪರ್ ಕೂತಾಗ ಭುಜದ ಹತ್ತಿರ ಬಿಳಿಯ ಬೆಣೆಯೊಂದು ಮೇಲೆ ಚಾಚಿರುತ್ತದೆ, ಹಿಂಭಾಗ ಸದಾ ಕುಣಿಯುತ್ತಿರುತ್ತದೆ, ಹಾರಿದರೆ ನೀರಿಗೆ ತಾಗಿದಂತೆ ರೆಕ್ಕೆ ಬಿಗಿದು ಪಟಪಟನೆ ಹೋಗುತ್ತದೆ.

ಮೂರನೆಯದು ಸಣ್ಣ ಉಲಿಯಕ್ಕಿಗಳು. ಇಲ್ಲಿ ಬೈನಾಕ್ಯುಲರಿಗಿಂತ ಕಿವಿ ಮುಂದು. ಮರದ ನೆತ್ತಿಯ ಎಲೆಗಳ ನಡುವಿನಿಂದ ಬೆಳಗ್ಗೆಯಿಂದ ‘ಚಿಸ್ಲಿ… ಚಿಸ್ಲಿ’ ಎಂಬ ಎರಡುಸುರಿನ ಕೂಗು ಬರುತ್ತಿದ್ದರೆ ಗ್ರೀನಿಷ್ ವಾರ್ಬ್ಲರ್. ಪೊದೆಯೊಳಗಿಂದ, ಮೊಣಕಾಲೆತ್ತರದಿಂದ, ಎರಡು ಕಲ್ಲು ತಟ್ಟಿದ ಹಾಗೆ ‘ಚಕ್… ಚಕ್’ ಬಂದರೆ ಬ್ಲೈತ್ಸ್ ರೀಡ್ ವಾರ್ಬ್ಲರ್. ಈ ಎರಡು ದನಿ ಕಲಿತರೆ ಚಳಿಗಾಲದ ತೋಟ, ಪಾರ್ಕು, ಮನೆಯ ಹಿತ್ತಿಲು ಎಲ್ಲ ಕಡೆ ನಿಮ್ಮ ಪಟ್ಟಿ ಬೆಳೆಯುತ್ತದೆ. ಹೆಚ್ಚಿನವರು ಇವೆರಡನ್ನೂ ವರ್ಷಗಟ್ಟಲೆ ಕೇಳಿಯೂ ಕೇಳಿರುವುದಿಲ್ಲ.

6. ದನಿ ಹಿಡಿಯುವುದು

ಫೋಟೋ ತೆಗೆಯಲಾಗದ ಹಕ್ಕಿಗೆ ದನಿಯೇ ಸಾಕ್ಷಿ. ಅದಕ್ಕೆ ದುಬಾರಿ ಸಲಕರಣೆ ಬೇಕೆಂದು ಹಲವರು ಕೈಕಟ್ಟಿ ಕೂತಿದ್ದಾರೆ. ಫೋನಿನಲ್ಲೇ ಶುರು ಮಾಡಬಹುದು, ಆದರೆ ಅದರ ಸೆಟ್ಟಿಂಗ್ ಸರಿಪಡಿಸಿಕೊಳ್ಳಬೇಕು.

ಫೋನ್ ತಯಾರಾದದ್ದು ಮನುಷ್ಯರ ಮಾತಿಗೆ. ಮಾತಲ್ಲದ ಸದ್ದನ್ನು ಅದು ಗದ್ದಲವೆಂದು ತಿಳಿದು ಒರೆಸಿಹಾಕುತ್ತದೆ. ಆದ್ದರಿಂದ ರೆಕಾರ್ಡಿಂಗ್ ಆ್ಯಪ್‌ನಲ್ಲಿ ‘ನಾಯ್ಸ್ ರಿಡಕ್ಷನ್’ ಇದ್ದರೆ ಆಫ್ ಮಾಡಿ, ದನಿಯ ಮಟ್ಟವನ್ನು ತಾನೇ ಏರಿಸಿಳಿಸುವ ‘ಆಟೋ ಗೇನ್’ ಇದ್ದರೆ ಅದನ್ನೂ ಆಫ್ ಮಾಡಿ. ಕಡತ ವೇವ್ ಮಾದರಿಯಲ್ಲಿರಲಿ, 44.1 ಅಥವಾ 48 ಕಿಲೋಹರ್ಟ್ಸ್. ಎಂಪಿ3 ಮಾಡುವಾಗ ಕಡತ ಚಿಕ್ಕದಾಗಲೆಂದು ದನಿಯ ಕೆಲವು ಅಂಶ ಕಳೆಯುತ್ತಾರೆ, ಕಳೆದದ್ದು ಮತ್ತೆ ಬರುವುದಿಲ್ಲ. ಐಫೋನಿನ ವಾಯ್ಸ್ ಮೆಮೊಸ್‌ನಲ್ಲಿ ಗುಣಮಟ್ಟವನ್ನು ‘ಲಾಸ್‌ಲೆಸ್’ಗೆ ಬದಲಿಸಿ. ಆಂಡ್ರಾಯ್ಡ್‌ನವರು ವೇವ್ ಮಾದರಿ ಕೊಡುವ ಆ್ಯಪ್ ಹುಡುಕಿಕೊಳ್ಳಿ. ಮರ್ಲಿನ್‌ನ ಸೌಂಡ್ ಐಡಿಯಲ್ಲಿ ಮಾಡಿದ ರೆಕಾರ್ಡಿಂಗ್ ವೇವ್ ಆಗಿಯೇ ಉಳಿಯುತ್ತದೆ, ಅದನ್ನು ಹೊರತೆಗೆದು ಇ-ಬರ್ಡ್ ಪಟ್ಟಿಗೆ ಸೇರಿಸಬಹುದು.

ಹೊರಡುವ ಮುನ್ನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನವರಂಗ ಕೂಗುತ್ತಿರುವಾಗಲೇ ಬ್ಯಾಂಕಿನವರ ಸಾಲದ ಕರೆ ಬರುತ್ತದೆ.

ಈಗ ಹಿಡಿಯುವ ಬಗೆ. ಮೈಕ್ ಸಾಮಾನ್ಯವಾಗಿ ಫೋನಿನ ಕೆಳ ಅಂಚಿನಲ್ಲಿ, ಚಾರ್ಜರ್ ಚುಚ್ಚುವ ಜಾಗದ ಪಕ್ಕದಲ್ಲಿರುತ್ತದೆ. ಆ ಅಂಚು ಹಕ್ಕಿಯ ಕಡೆಗಿರಲಿ, ಬೆರಳು ಅಡ್ಡ ಬರದಿರಲಿ. ಶುರುವಾದ ಮೇಲೆ ಕೈ ಹಂದಾಡಿಸಬೇಡಿ, ಬೆರಳು ಕವರಿಗೆ ಉಜ್ಜಿದ ಸದ್ದು ಹಕ್ಕಿಗಿಂತ ಜೋರಾಗಿ ದಾಖಲಾಗುತ್ತದೆ. ಸಾಧ್ಯವಾದರೆ ಫೋನನ್ನು ಕಲ್ಲಿನ ಮೇಲೋ ಕವೆಯಲ್ಲೋ ಇಟ್ಟು ಎರಡು ಹೆಜ್ಜೆ ದೂರ ನಿಲ್ಲಿ. ನೈಲಾನ್ ಜಾಕೆಟ್ ಸರಭರ ಎನ್ನುತ್ತದೆ, ಹತ್ತಿಯದೋ ಉಣ್ಣೆಯದೋ ಹಾಕಿ.

ಹತ್ತಿರ ಹೋದಷ್ಟೂ ಲಾಭ. ದೂರ ಅರ್ಧವಾದರೆ ದನಿ 6 ಡೆಸಿಬಲ್ ಏರುತ್ತದೆ, ಹಿಂದಿನ ರಸ್ತೆಯ ಸದ್ದು ಇದ್ದಷ್ಟೇ ಇರುತ್ತದೆ. ಯಾವ ಸಾಫ್ಟ್‌ವೇರೂ ಕೊಡದ ಲಾಭ ಇದು. ಆದರೆ ಹಕ್ಕಿ ಕೂಗು ನಿಲ್ಲಿಸಿತೋ, ಗಾಬರಿಯ ಕೂಗು ಶುರು ಮಾಡಿತೋ, ಅಲ್ಲಿಗೇ ನಿಲ್ಲಿ, ಹಿಂದೆ ಸರಿಯಿರಿ. ಮರದ ಬೊಡ್ಡೆ ಅಥವಾ ಗೋಡೆಯನ್ನು ರಸ್ತೆಗೂ ನಿಮಗೂ ನಡುವೆ ಬರುವಂತೆ ನಿಂತರೆ ವಾಹನದ ಸದ್ದು ತಗ್ಗುತ್ತದೆ. ಗಾಳಿ ಇದ್ದರೆ ಬೆನ್ನು ಕೊಟ್ಟು ಮೈಯನ್ನೇ ಮರೆ ಮಾಡಿ. ಚಳಿಗಾಲದ ಮುಂಜಾನೆಗೆ ಒಂದು ಅನುಕೂಲವಿದೆ: ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವಾಗ ಸದ್ದು ಮೇಲಕ್ಕೆ ಚದುರದೆ ನೆಲದ ಗುಂಟ ದೂರ ಸಾಗುತ್ತದೆ. ಹಕ್ಕಿಯದೂ ಸರಿ, ಸುಪ್ರಭಾತದ ಧ್ವನಿವರ್ಧಕದ್ದೂ ಸರಿ.

ಕನಿಷ್ಠ ಅರ್ಧ ನಿಮಿಷವಾದರೂ ಹಿಡಿಯಿರಿ. ಹಕ್ಕಿ ಕೂಗಿದ ಮೇಲೆ ರೆಕಾರ್ಡ್ ಒತ್ತುವುದಲ್ಲ, ಒತ್ತಿಕೊಂಡು ಕಾಯಬೇಕು. ಮುಗಿದ ಮೇಲೆ ಮೂರ್ನಾಲ್ಕು ಸೆಕೆಂಡ್ ಸುಮ್ಮನಿದ್ದು, ಆಮೇಲೆ ನಿಮ್ಮ ದನಿಯಲ್ಲೇ ಹೇಳಿ: ‘ಕಂದು ಕಳಿಂಗ, ಒಂದೇ ಹಕ್ಕಿ, ಜಾಲಿ ಮರದ ತುದಿ, ಹದಿನೈದು ಮೀಟರ್ ದೂರ, ಬೆಳಿಗ್ಗೆ ಏಳು ಹತ್ತು, ಹಿಂದೆ ಟುವ್ವಿಹಕ್ಕಿಯೂ ಇದೆ.’ ಸಂಜೆ ಇಪ್ಪತ್ತು ಕಡತ ಎದುರಿಗಿದ್ದಾಗ ಈ ಒಂದು ಸಾಲಿನ ಬೆಲೆ ತಿಳಿಯುತ್ತದೆ.

ಮನೆಗೆ ಬಂದ ಮೇಲೆ ಆಡಾಸಿಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ಮೂಲ ಕಡತವನ್ನು ಹಾಗೇ ಎತ್ತಿಟ್ಟು ಪ್ರತಿಯ ಮೇಲೆ ಕೆಲಸ ಮಾಡಿ. ಮೊದಲ ಮತ್ತು ಕೊನೆಯ ಕೂಗಿನ ಆಚೀಚೆ ಮೂರು ಸೆಕೆಂಡ್ ಬಿಟ್ಟು ಉಳಿದದ್ದು ಕತ್ತರಿಸಿ, ದನಿಯ ಶಿಖರವನ್ನು ಮೈನಸ್ 3 ಡೆಸಿಬಲ್‌ಗೆ ಏರಿಸಿ, ಅಷ್ಟೇ. ಗದ್ದಲ ತೆಗೆಯುವ ಫಿಲ್ಟರ್ ಹಾಕಬೇಡಿ. ಕಿವಿಗೆ ಹಿತವೆನಿಸಿದರೂ ಹಕ್ಕಿಯ ದನಿಯನ್ನೂ ಅದು ತಿಂದಿರುತ್ತದೆ, ಮುಂದೆ ಅಳತೆ ಮಾಡುವವರಿಗೆ ಅದು ನಿರುಪಯೋಗಿ. ಎರಡು ಬೇರೆ ಹಕ್ಕಿಗಳ ದನಿಯನ್ನು ಒಂದೇ ಕಡತಕ್ಕೆ ಅಂಟಿಸುವುದೂ ಬೇಡ. ಕಡತಕ್ಕೆ ದಿನಾಂಕ, ಹೊತ್ತು, ಜಾಗ, ಹಕ್ಕಿ ಈ ಕ್ರಮದಲ್ಲಿ ಹೆಸರಿಡಿ.

ಆಡಾಸಿಟಿಯಲ್ಲಿ ದನಿಯನ್ನು ಸ್ಪೆಕ್ಟ್ರೋಗ್ರಾಂ ಆಗಿ ನೋಡುವುದನ್ನು ಕಲಿಯಿರಿ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ಥಾಯಿ. ತಳದಲ್ಲಿ ಹಾಸಿದ ಮಬ್ಬು ವಾಹನದ್ದು, ಮೇಲೆ ಕಡಿಯದೆ ಎಳೆದ ಗೆರೆ ಜೀರುಂಡೆಯದು, ನಡುವೆ ಬಾಗುತ್ತ ಬಳುಕುತ್ತ ಹೋಗುವುದು ಮಡಿವಾಳ ಹಕ್ಕಿಯ ಹಾಡು. ಕೆಂಬೂತದ ಮಂದ್ರ ಕೂಗು ಆ ವಾಹನದ ಮಬ್ಬಿನಲ್ಲೇ ಮುಳುಗಿರುತ್ತದೆ, ಆದ್ದರಿಂದ ರಸ್ತೆ ಹತ್ತಿರ ಅದನ್ನು ಹಿಡಿಯುವುದು ಕಷ್ಟ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀರ ಎತ್ತರದ ಸ್ಥಾಯಿಯನ್ನು. ಕೇಳದ ದನಿ ಪರದೆಯ ಮೇಲೆ ಕಾಣುತ್ತದೆ, ಅರವತ್ತು ದಾಟಿದ ನಮ್ಮ ಎಷ್ಟೋ ಹಿರಿಯ ವೀಕ್ಷಕರಿಗೆ ಇದು ವರದಾನ.

ಮರ್ಲಿನ್ ಹೇಳಿದ್ದನ್ನು ಸಲಹೆ ಎಂದಷ್ಟೇ ತೆಗೆದುಕೊಳ್ಳಿ. ಅದು ‘ಶಿಕ್ರ’ ಎಂದಾಗ ಮರದ ಮೇಲೆ ಕೂತಿರುವುದು ಭೀಮರಾಜ ಆಗಿರಬಹುದು, ಎಲೆಹಕ್ಕಿಯೂ ಆಗಿರಬಹುದು. ಬೇರೆ ಹಕ್ಕಿಗಳ ದನಿ ಅಣಕಿಸುವುದರಲ್ಲಿ ಎರಡೂ ಪಳಗಿದವು. ನೀವು ಸ್ವತಃ ಕೇಳಿ, ಮರಳಿ ಹೋಲಿಸಿ ನೋಡಿ ಒಪ್ಪಿದ್ದನ್ನು ಮಾತ್ರ ಪಟ್ಟಿಗೆ ಹಾಕಿ. ಫೋನನ್ನು ಕಿಟಕಿಯಲ್ಲಿಟ್ಟು ಅದು ತೋರಿಸಿದ್ದನ್ನೆಲ್ಲ ಬರೆಯುವುದು ಹಕ್ಕಿ ನೋಡಿದಂತಾಗುವುದಿಲ್ಲ.

ರೆಕಾರ್ಡಿಂಗನ್ನು ಇ-ಬರ್ಡ್ ಪಟ್ಟಿಗೆ ಸೇರಿಸಿದರೆ ಅದು ಕಾರ್ನೆಲ್‌ನ ಮೆಕಾಲೆ ಲೈಬ್ರರಿಯಲ್ಲಿ ಉಳಿಯುತ್ತದೆ. 2005ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ಜೀನೋ-ಕ್ಯಾಂಟೊ ಇನ್ನೊಂದು ಭಂಡಾರ. ಅಲ್ಲಿ ಲೋಕದ ಎಲ್ಲ ಮೂಲೆಗಳ ದನಿ ಕೇಳಬಹುದು, ನಿಮ್ಮದನ್ನೂ ಹಾಕಬಹುದು. ಚಳಿಗಾಲದ ಅತಿಥಿಗಳ ರೆಕಾರ್ಡಿಂಗಿಗೆ ವಿಶೇಷ ಬೆಲೆ ಇದೆ. ಇಲ್ಲಿರುವ ತಿಂಗಳುಗಳಲ್ಲಿ ಅವು ಹಾಡುವುದು ಕಡಿಮೆ, ಬರಿ ಕೂಗು. ಮಾರ್ಚ್ ಕೊನೆಗೆ, ಹೊರಡುವ ಮುನ್ನ, ಬ್ಲೈತ್ಸ್ ರೀಡ್ ವಾರ್ಬ್ಲರ್ ಪೊದೆಯೊಳಗೆ ತನ್ನಷ್ಟಕ್ಕೆ ಹಾಡಿನ ತಾಲೀಮು ಶುರು ಮಾಡುತ್ತದೆ. ಉತ್ತರದ ನೆಲದಲ್ಲಿ ಹಾಡಬೇಕಾದ ಹಾಡು ನಮ್ಮ ಲಂಟಾನದ ಪೊದೆಯಲ್ಲಿ ಮೊದಲಾಗುವುದನ್ನು ಹಿಡಿಯಲು ಆ ದಿನಗಳಲ್ಲಿ ಫೋನ್ ಕೈಯಲ್ಲೇ ಇರಲಿ.

ಒಂದನ್ನು ಮಾತ್ರ ಮಾಡಬೇಡಿ. ಹಕ್ಕಿಯನ್ನು ಹೊರಗೆ ಕರೆಯಲು ಅದರದೇ ದನಿಯನ್ನು ಸ್ಪೀಕರಿನಲ್ಲಿ ನುಡಿಸಬೇಡಿ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ನವರಂಗದ ಒಂದು ಜಾಗಕ್ಕೆ ದಿನಕ್ಕೆ ಹತ್ತು ಮಂದಿ ಹೀಗೆ ಬಂದರೆ ಅದರ ಪಾಡೇನು?

7. ಹಂಚಿಕೊಳ್ಳುವಾಗ

ವಾಟ್ಸಾಪ್‌ನಲ್ಲಿ ಹಾಕುವುದಾದರೆ ಹಕ್ಕಿಯ ಹೆಸರು, ದಿನ, ಹೊತ್ತು, ಜಾಗ, ಸಂಖ್ಯೆ ಬರೆದೇ ಹಾಕಿ, ಜೊತೆಗೆ ಇ-ಬರ್ಡ್ ಪಟ್ಟಿಯ ಕೊಂಡಿ ಕೊಡಿ. ಗುಂಪಿನಲ್ಲಿ ಚರ್ಚೆ ನಡೆಯಲಿ, ದಾಖಲೆ ಮಾತ್ರ ಪಟ್ಟಿಯಲ್ಲಿರಲಿ.

ಎಲ್ಲಿ ಎಂಬುದನ್ನು ಬರೆಯಬಾರದ ಸಂದರ್ಭಗಳೂ ಇವೆ. ಗೂಬೆ ಹಗಲು ಕೂರುವ ಮರ, ಯಾವುದೇ ಹಕ್ಕಿಯ ಗೂಡು, ಇವುಗಳ ಜಾಗ ಹೇಳಬೇಡಿ. ದೀಪಾವಳಿಯ ಹೊತ್ತಿಗೆ ಮಾಟಮಂತ್ರಕ್ಕೆಂದು ಗೂಬೆ ಹಿಡಿಯುವ ದಂಧೆ ಈಗಲೂ ಇದೆ. ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡಿನಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಂಡರೆ ಗುಂಪಿಗೆ ಲೊಕೇಶನ್ ಕಳಿಸುವುದು ದೊಡ್ಡ ಅಪಚಾರ. ತೀರ ಅಪಾಯದಲ್ಲಿರುವ ಕೆಲವು ಹಕ್ಕಿಗಳ ಜಾಗವನ್ನು ಇ-ಬರ್ಡ್ ತಾನೇ ಮರೆಮಾಡುತ್ತದೆ, ವಾಟ್ಸಾಪ್ ಮಾಡುವುದಿಲ್ಲ.

ಅಪರೂಪದ್ದು ಅಥವಾ ಅಕಾಲದ್ದು ಬರೆದರೆ, ಅಥವಾ ಸಂಖ್ಯೆ ವಿಪರೀತ ಎನಿಸಿದರೆ, ಇ-ಬರ್ಡ್ ವಿವರ ಕೇಳುತ್ತದೆ. ಆಮೇಲೆ ಸ್ಥಳೀಯ ಪರಿಶೀಲಕರು ಮೇಲ್ ಮಾಡಬಹುದು. ಅವರೂ ಹವ್ಯಾಸಿಗಳೇ, ಸಂಬಳವಿಲ್ಲದೆ ಮಾಡುವ ಕೆಲಸ. ‘ನನ್ನನ್ನೇ ಅನುಮಾನಿಸುತ್ತಾರಾ’ ಎಂದು ಮುನಿಸಿಕೊಳ್ಳುವವರನ್ನು ಪ್ರತಿ ಚಳಿಗಾಲದಲ್ಲೂ ನೋಡುತ್ತೇವೆ. ವಿವರ ಬರೆಯುವಾಗ ‘ಕನ್ಫರ್ಮ್’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಕಂಡದ್ದನ್ನು ಬರೆಯಿರಿ: ಕೊಕ್ಕು ಎಷ್ಟುದ್ದ, ಕಾಲಿನ ಬಣ್ಣ, ಹಾರಿದಾಗ ಏನು ಕಂಡಿತು, ಹೋಲುವ ಹಕ್ಕಿ ಯಾಕೆ ಅಲ್ಲ.

8. ಊರೆಲ್ಲ ಸೇರಿ ಎಣಿಸುವ ದಿನಗಳು

ಜನವರಿಯಲ್ಲಿ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ನಡೆಯುತ್ತದೆ, 1987ರಿಂದ. ಫೆಬ್ರವರಿಯ ನಡುವಿನಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಭಾರತ ಅದಕ್ಕೆ ಸೇರಿದ್ದು 2013ರಲ್ಲಿ. ಅದರ ಜೊತೆಗೇ ಕಾಲೇಜು, ಶಾಲೆಗಳ ಆವರಣದಲ್ಲಿ ಕ್ಯಾಂಪಸ್ ಬರ್ಡ್ ಕೌಂಟ್ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳಿಗೆ ಒಂದು ಮಾತು: ಐದೈದು ಮಕ್ಕಳ ತಂಡ ಮಾಡಿ, ಒಬ್ಬ ಬರೆಯುವವ, ಒಬ್ಬಳು ಗಡಿಯಾರ ನೋಡುವವಳು, ಉಳಿದವರು ಎಣಿಸುವವರು. ಹದಿನೈದು ನಿಮಿಷವಾದ ಮೇಲೆ ಪಾತ್ರ ಬದಲಾಗಲಿ. ಹೆಸರು ಗೊತ್ತಿರಲೇಬೇಕೆಂದಿಲ್ಲ, ಹಳ್ಳಿಯ ಮಕ್ಕಳಿಗೆ ನಿಮಗಿಂತ ಹೆಚ್ಚು ಹಕ್ಕಿ ಗೊತ್ತಿರುವುದೇ ಸಾಮಾನ್ಯ.

ರಕ್ಷಿತಾರಣ್ಯ, ಪಕ್ಷಿಧಾಮದೊಳಗೆ ಎಣಿಸಬೇಕಾದರೆ ಮೊದಲೇ ಅರಣ್ಯ ಇಲಾಖೆಯ ಅನುಮತಿ ಬೇಕು. ಕೆರೆಯ ಮೇಲೆ ಡ್ರೋನ್ ಹಾರಿಸುವ ಉಮೇದು ಬಂದರೆ ಮನೆಯಲ್ಲೇ ಬಿಟ್ಟು ಬನ್ನಿ.

9. ಬಂದ ದಿನ, ಹೋದ ದಿನ

ವಲಸೆ ಹಕ್ಕಿ ಮೊದಲು ಕಂಡ ದಿನ ಬರೆಯುವುದು ಹಳೆಯ ಚಟ. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ‘ಮೈಗ್ರಂಟ್‌ವಾಚ್’ ಎಂಬ ಯೋಜನೆಯನ್ನು ಇದಕ್ಕೆಂದೇ ಶುರು ಮಾಡಿತ್ತು. ಆದರೆ ‘ಸೆಪ್ಟೆಂಬರ್ 12ರಂದು ಮೊದಲ ಕುಂಡೆಕುಸ್ಕ’ ಎಂಬುದಕ್ಕೆ ಬೆಲೆ ಬರುವುದು ಅದರ ಹಿಂದಿನ ವಾರವೂ ನೀವು ಹೋಗಿ ನೋಡಿ, ಇರಲಿಲ್ಲ ಎಂಬ ಪೂರ್ಣ ಪಟ್ಟಿ ಹಾಕಿದ್ದರೆ ಮಾತ್ರ. ಇಲ್ಲದಿದ್ದರೆ ಹಕ್ಕಿ ಬಂದ ದಿನವೋ, ನೀವು ಬಂದ ದಿನವೋ ತಿಳಿಯುವುದಿಲ್ಲ. ಹಾಗಾಗಿ ಆಗಸ್ಟ್ ನಡುವಿನಿಂದಲೇ ಹೋಗತೊಡಗಿ.

ಹೋದ ದಿನ ಇನ್ನೂ ಕಷ್ಟ. ಬರುವಾಗ ಎಲ್ಲರೂ ಸಂಭ್ರಮಿಸುತ್ತಾರೆ, ಹೋಗುವಾಗ ಯಾರೂ ಗಮನಿಸುವುದಿಲ್ಲ. ಹೆಬ್ಬಾತು ಮಾರ್ಚ್‌ನಲ್ಲಿ, ಕುಂಡೆಕುಸ್ಕ ಏಪ್ರಿಲ್ ಹೊತ್ತಿಗೆ ಹೊರಡುತ್ತವೆ. ಅಂಬರಗುಬ್ಬಿಗಳಲ್ಲಿ ಕೆಲವು ಇನ್ನೂ ತಡ. ಕೊನೆಯ ಹಕ್ಕಿ ಕಂಡ ದಿನ ಅದು ಕೊನೆಯದೆಂದು ಗೊತ್ತಾಗುವುದು, ಮುಂದಿನ ಎರಡು ಮೂರು ವಾರವೂ ಹೋಗಿ ಅದಿಲ್ಲದ ಪಟ್ಟಿ ಹಾಕಿದ ಮೇಲೆ. ಬಿಸಿಲು ಏರಿತು, ಕೆರೆ ಬತ್ತಿತು, ಪರೀಕ್ಷೆ ಬಂತು ಎಂದು ಹೆಚ್ಚಿನವರು ಮಾರ್ಚ್‌ಗೇ ಬೈನಾಕ್ಯುಲರನ್ನು ಬೀರುವಿಗೆ ಸೇರಿಸಿಬಿಡುತ್ತಾರೆ. ಮೇ ಮೊದಲ ವಾರದವರೆಗೂ ಹೋಗಿ. ಒಂದೂ ವಲಸೆ ಬಾತಿಲ್ಲದ ಕೆರೆಯಲ್ಲಿ ವರಟೆ ನಾಲ್ಕು, ಗುಳುಮುಳುಕ ಎರಡು, ಕಾಗೆ ಒಂಬತ್ತು ಎಂದು ಬರೆದು ‘ಎಲ್ಲ ಹಕ್ಕಿ ಬರೆದಿದ್ದೇನೆ, ಹೌದು’ ಒತ್ತಿ ಬನ್ನಿ.